ಪರದೆಗೆ ಹೊಂದುವ ವಿನ್ಯಾಸ: ನಿರ್ಬಂಧ ಪದ್ಧತಿ

ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಒಂದೇ ಆ್ಯಪ್ ಅನ್ನು ಅಂಗೈಯಗಲದ ಮೊಬೈಲಿನಲ್ಲಿ ತೆರೆಯುವ ಅಭ್ಯರ್ಥಿಗೂ ವಿಶಾಲವಾದ ಟ್ಯಾಬ್ಲೆಟ್ಟಿನಲ್ಲಿ ತೆರೆಯುವ ಅಧ್ಯಾಪಕನಿಗೂ ಅಕ್ಷರಗಳು ಕತ್ತರಿಸಿಹೋಗದಂತೆ ಕಾಣಬೇಕಾದರೆ, ಗುಂಡಿಯೊಂದರ ಸ್ಥಾನವನ್ನು ನಿಶ್ಚಿತ ಅಂಕಿಗಳಿಂದ ಬಿಗಿಯದೆ, ‘ಬಲ ಅಂಚಿನಿಂದ ಇಷ್ಟು ದೂರ’, ‘ಪಕ್ಕದ ಪೆಟ್ಟಿಗೆಯಷ್ಟೇ ಅಗಲ’ ಎಂಬಂಥ ಸಂಬಂಧಗಳಿಂದ ನಿರೂಪಿಸತಕ್ಕದ್ದು. ಇವೇ ವಿನ್ಯಾಸ ನಿರ್ಬಂಧಗಳು. ಯಂತ್ರವು ಇವನ್ನು ರೇಖೀಯ ಸಮೀಕರಣ ಹಾಗೂ ಅಸಮತೆಗಳೆಂದು ಗ್ರಹಿಸಿ ಬಿಡಿಸುವುದು. ಎರಡು ನಿರ್ಬಂಧಗಳು ಪರಸ್ಪರ ವಿರೋಧಿಸಿದಲ್ಲಿ ಕಡಿಮೆ ಆದ್ಯತೆಯದು ಮಣಿಯುವುದು.

ಈ ವಿಚಾರದ ಮೂಲವು 1963ರಲ್ಲಿ ಇವಾನ್ ಸದರ್‌ಲ್ಯಾಂಡ್ ಎಂ.ಐ.ಟಿ.ಯಲ್ಲಿ ರಚಿಸಿದ ‘ಸ್ಕೆಚ್‌ಪ್ಯಾಡ್’ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿಯೇ ಇದೆ. ‘ಕ್ಯಾಸೊವರಿ’ ಎಂಬ ಗಣನಕ್ರಮವನ್ನು ಆಧರಿಸಿದ ಆಪಲ್ ಸಂಸ್ಥೆಯ ‘ಆಟೊ ಲೇಔಟ್’ 2011ರಲ್ಲಿ ಮ್ಯಾಕ್ ಗಣಕಗಳಿಗೂ, 2012ರಲ್ಲಿ ಐಓಎಸ್ 6ರೊಡನೆ ಐಫೋನಿಗೂ ಬಂದಿತು. ಆಂಡ್ರಾಯ್ಡಿನ ‘ಕನ್‌ಸ್ಟ್ರೇಂಟ್ ಲೇಔಟ್’ 2016ರಲ್ಲಿ ಪ್ರಕಟವಾಯಿತು. ಪ್ರಶ್ನಪತ್ರಿಕೆಗಳಿಗೆ ಇಸವಿಗಳ ಮೇಲೆ ಮೋಹವುಂಟು. ಆದರೆ ತತ್ತ್ವವನ್ನರಿತವನಿಗೆ ಇಸವಿ ತಾನಾಗಿಯೇ ನೆನಪುಳಿಯುತ್ತದೆ.

ಕನ್ನಡಕ್ಕಂತೂ ಈ ಪದ್ಧತಿ ಅನಿವಾರ್ಯ. ‘ಸಬ್ಮಿಟ್’ ಎಂಬಲ್ಲಿ ‘ಅರ್ಜಿಯನ್ನು ಸಲ್ಲಿಸಿ’ ಎಂದು ಬರೆದೊಡನೆ ಗುಂಡಿ ಹಿಗ್ಗಬೇಕು. ಸಾಲಿನ ಕೆಳಗಿಳಿಯುವ ಒತ್ತಕ್ಷರಗಳಿಗೆ ಎತ್ತರವನ್ನೂ ಸಡಿಲಬಿಡಬೇಕು.