ಲಿನಕ್ಸನ್ನು ಎಬ್ಬಿಸುವವರು: ಬೂಟ್ ಲೋಡರುಗಳ ಒಂದು ತುಲನೆ

ಕಂಪ್ಯೂಟರಿನ ಗುಂಡಿಯೊತ್ತಿದ ಗಳಿಗೆಯಿಂದ ಪರದೆಯ ಮೇಲೆ ನಮ್ಮ ಹೆಸರು ಮೂಡುವವರೆಗೆ ಕಳೆಯುವ ಅಲ್ಪಕಾಲದಲ್ಲಿ ಒಂದು ಸ್ವಾರಸ್ಯವಾದ ಸಮಸ್ಯೆ ಅಡಗಿದೆ. ಡಿಸ್ಕಿನಲ್ಲಿರುವ ಕಡತಗಳನ್ನು ಓದಿ ಮೆಮೊರಿಗೆ ತರುವುದು ಆಪರೇಟಿಂಗ್ ಸಿಸ್ಟಮಿನ ಕೆಲಸ. ಆದರೆ ಆ ಆಪರೇಟಿಂಗ್ ಸಿಸ್ಟಮ್ ತಾನೇ ಡಿಸ್ಕಿನಲ್ಲಿ ಕಡತವಾಗಿ ಮಲಗಿದೆ. ಹಾಗಾದರೆ ಅದನ್ನು ಓದಿ ಎಬ್ಬಿಸುವವರಾರು? ನ್ಯಾಯಶಾಸ್ತ್ರದ ಪರಿಚಯವುಳ್ಳವರು ಇದನ್ನು ಆತ್ಮಾಶ್ರಯ ದೋಷವೆಂದಾರು. ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದುಕೊಂಡು ಮೇಲೇಳುವವನ ಮಾತು ಇಂಗ್ಲಿಷಿನಲ್ಲಿ ಉಂಟು. ‘ಬೂಟ್’ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಈ ಗಂಟನ್ನು ಬಿಡಿಸುವ ಪುಟ್ಟ ಪ್ರೋಗ್ರಾಮೇ ಬೂಟ್ ಲೋಡರು. ಸಂಸ್ಕೃತ ನಾಟಕಗಳ ಸೂತ್ರಧಾರನಂತೆ ಅದು ಮೊದಲು ರಂಗಕ್ಕೆ ಬಂದು, ನಾಯಕನಿಗೆ ದಾರಿ ಮಾಡಿಕೊಟ್ಟು, ಮರೆಯಾಗುತ್ತದೆ.

ಕಲಾವಿಭಾಗದವರಿಗೆ ಇದರಿಂದೇನು ಎಂದು ಕೇಳುವವರುಂಟು. ನಮ್ಮಲ್ಲಿ ಅನೇಕರ ಬಳಿ ಇರುವುದು ಒಂದೇ ಲ್ಯಾಪ್‌ಟಾಪು. ಅದೂ ಅಣ್ಣನೋ ಅಕ್ಕನೋ ಬಳಸಿ ಬಿಟ್ಟದ್ದು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಬಯಸುವ ಅರ್ಹತೆ ಹಳೆಯ ಯಂತ್ರಗಳಲ್ಲಿ ಎಷ್ಟಕ್ಕೋ ಇಲ್ಲ. ಆದಕಾರಣ ಹಣವಿಲ್ಲದೆ ದೊರೆಯುವ, ಒಳಗಿನ ಬರಹವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಲಿನಕ್ಸನ್ನು ವಿಂಡೋಸಿನ ಪಕ್ಕದಲ್ಲಿಯೇ ಹಾಕಿಕೊಂಡವರು ನಮ್ಮ ತರಗತಿಯಲ್ಲೂ ಇದ್ದಾರೆ. ಒಂದು ಬೆಳಿಗ್ಗೆ ಬೂಟ್ ಲೋಡರು ಕೆಡುತ್ತದೆ. ಕಪ್ಪು ಪರದೆ ಬರುತ್ತದೆ. ಹೌಹಾರಿ ಅಂಗಡಿಗೆ ಒಯ್ಯುತ್ತಾರೆ. ಅಂಗಡಿಯವರು ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬಿಕೊಡುತ್ತಾರೆ. ನನ್ನ ಸಹಪಾಠಿಯೊಬ್ಬಳು ಎರಡು ವರ್ಷ ಹಳ್ಳಿ ತಿರುಗಿ ಅಜ್ಜಿಯರ ಬಾಯಿಂದ ಧ್ವನಿಮುದ್ರಿಸಿಕೊಂಡಿದ್ದ ಬೀಸುವ ಪದಗಳು ಹೀಗೆಯೇ ಹೋದುವು. ಕೆಟ್ಟದ್ದು ಹೊರಬಾಗಿಲಿನ ಅಗುಳಿ ಮಾತ್ರ. ಮನೆಯೊಳಗಿನ ಸಾಮಾನೆಲ್ಲ ಇಟ್ಟಲ್ಲಿಯೇ ಇತ್ತು. ಈ ಲೇಖನಕ್ಕೆ ಕೈಹಚ್ಚಲು ಅದೇ ಕಾರಣ.

ಮೊದಲು ಹಳೆಯ ಪದ್ಧತಿಯನ್ನು ನೋಡೋಣ. 1981ರ ಐಬಿಎಂ ಪಿಸಿಯಿಂದ ಬಂದ ಕ್ರಮದಲ್ಲಿ, ಯಂತ್ರದ ಚಿಪ್ಪಿನಲ್ಲಿಯೇ ನೆಲೆಸಿರುವ ಬಯೋಸ್ ಎಂಬ ಪ್ರೋಗ್ರಾಮು ಮೊದಲು ಎಚ್ಚರಗೊಳ್ಳುತ್ತದೆ. ಅದಕ್ಕೆ ಕಡತ, ಫೋಲ್ಡರು ಒಂದೂ ತಿಳಿಯದು. ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು, ಅಂದರೆ 512 ಬೈಟುಗಳನ್ನು, ಮೆಮೊರಿಗೆ ತಂದು ಅಲ್ಲಿಗೆ ಹಾರುವುದಷ್ಟೇ ಅದರ ವಿದ್ಯೆ. ಆ 512ರಲ್ಲಿ 64 ಬೈಟು ಡಿಸ್ಕಿನ ವಿಭಾಗಗಳ ಪಟ್ಟಿಗೆ, ಕೊನೆಯ 2 ಬೈಟು ಗುರುತಿನ ಮುದ್ರೆಗೆ ಹೋದರೆ, ಪ್ರೋಗ್ರಾಮಿಗೆ ಉಳಿಯುವುದು 446 ಬೈಟು ಮಾತ್ರ. ಕನ್ನಡದ ಒಂದೊಂದು ಅಕ್ಷರಸಂಕೇತಕ್ಕೂ ಇಂದಿನ ಯೂನಿಕೋಡ್ ಕ್ರಮದಲ್ಲಿ ಮೂರು ಬೈಟು ಬೇಕು. ಈ ಕಂಡಿಕೆಯ ಕಾಲುಭಾಗವೂ ಅಷ್ಟರಲ್ಲಿ ಹಿಡಿಯಲಾರದು. ಇಷ್ಟು ಇಕ್ಕಟ್ಟಿನಲ್ಲಿ ಪೂರ್ಣ ಲೋಡರನ್ನು ಇಡುವಂತಿಲ್ಲ. ಆದುದರಿಂದ ಮೊದಲ ತುಣುಕು ಎರಡನೆಯ ತುಣುಕನ್ನು ಕರೆಯುತ್ತದೆ. ಅದು ಕರ್ನೆಲನ್ನು, ಎಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳನ್ನು, ಕರೆಯುತ್ತದೆ.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹೊರತಂದ ಮರುವರ್ಷ ವರ್ನರ್ ಆಲ್ಮೆಸ್‌ಬರ್ಗರ್ ಬರೆದ ‘ಲೈಲೊ’ ಈ ಕೆಲಸಕ್ಕೆ ನಿಂತಿತು. ಅದರ ಉಪಾಯ ಸರಳ: ಕರ್ನೆಲು ಡಿಸ್ಕಿನ ಯಾವ ಯಾವ ಸೆಕ್ಟರುಗಳಲ್ಲಿದೆ ಎಂದು ಮೊದಲೇ ಒಂದು ನಕ್ಷೆಯಲ್ಲಿ ಬರೆದಿಟ್ಟುಕೊಂಡು, ಕಣ್ಣುಮುಚ್ಚಿ ಅಲ್ಲಿಗೇ ಹೋಗುವುದು. ಮನೆಯೊಡೆಯ ಮನೆ ಬದಲಿಸಿದರೂ ಹಳೆಯ ವಿಳಾಸಕ್ಕೇ ಕಾಗದ ಹಾಕುವ ಅಂಚೆಯವನಂತೆ ಅದರ ನಡವಳಿಕೆ. ಹೊಸ ಕರ್ನೆಲು ಹಾಕಿದ ಪ್ರತಿಸಾರಿಯೂ ಲೈಲೊ ಆಜ್ಞೆಯನ್ನು ಮತ್ತೆ ನಡೆಸಿ ನಕ್ಷೆಯನ್ನು ತಿದ್ದಿಸಬೇಕು. ಮರೆತರೆ ಯಂತ್ರ ಏಳದಿರಬಹುದು. ಆದರೂ ಅದರ ಒಂದು ಗುಣ ನನಗೆ ಬಹಳ ಮೆಚ್ಚಿಗೆ. ತನ್ನ ಇಂಗ್ಲಿಷ್ ಹೆಸರಿನ ನಾಲ್ಕಕ್ಷರಗಳನ್ನು ಕೆಲಸ ಮುಂದುವರಿದಂತೆಲ್ಲ ಒಂದೊಂದಾಗಿ ಪರದೆಯ ಮೇಲೆ ಬರೆಯುತ್ತದೆ. ಎರಡಕ್ಷರಕ್ಕೆ ನಿಂತಿತೋ, ಎರಡನೆಯ ತುಣುಕನ್ನು ನಡೆಸಲಾಗಲಿಲ್ಲ ಎಂದರ್ಥ. ಮೂರಕ್ಕೆ ನಿಂತಿತೋ, ನಕ್ಷೆಯ ಕಡತದಿಂದ ಓದುವುದರಲ್ಲಿ ತೊಡಕು. ಸಾಯುವಾಗಲೂ ರೋಗದ ಹೆಸರು ಹೇಳಿ ಸಾಯುವ ಪ್ರಾಮಾಣಿಕತೆ! ಲೈಲೊದ ಬೆಳವಣಿಗೆ 2015ರ ಕೊನೆಗೆ ನಿಂತಿತು.

ಇಂದು ಹೆಚ್ಚಿನ ಲಿನಕ್ಸ್ ಬಳಕೆದಾರರು ಮೊದಲು ಕಾಣುವ ಮುಖ ‘ಗ್ರಬ್’. 1995ರಲ್ಲಿ ಎರಿಕ್ ಬೊಲಿನ್ ಇದನ್ನು ಆರಂಭಿಸಿದ್ದು ಲಿನಕ್ಸಿಗಾಗಿ ಅಲ್ಲ, ಗ್ನೂ ಹರ್ಡ್ ಎಂಬ ಬೇರೊಂದು ವ್ಯವಸ್ಥೆಗಾಗಿ. ಅದರ ಪೂರ್ಣನಾಮ ಭೌತವಿಜ್ಞಾನಿಗಳ ಮಹಾ ಏಕೀಕರಣ ಸಿದ್ಧಾಂತದ ಹೆಸರನ್ನು ಅಣಕಿಸುವ ಶ್ಲೇಷೆ. 1999ರಲ್ಲಿ ಅದು ಗ್ನೂ ಯೋಜನೆಯ ಅಧಿಕೃತ ಅಂಗವಾಯಿತು. ಪೂರ್ತಿ ಹೊಸದಾಗಿ ಬರೆದ ಎರಡನೆಯ ಗ್ರಬ್ಬಿನ 2.00ನೆಯ ಆವೃತ್ತಿ 2012ರಲ್ಲಿ ಹೊರಬಂತು. ಲೈಲೊಗೂ ಗ್ರಬ್ಬಿಗೂ ಇರುವ ಮುಖ್ಯ ಭೇದ ಇದು: ಗ್ರಬ್ಬಿಗೆ ಕಡತಗಳನ್ನು ಓದಲು ಬರುತ್ತದೆ. ಲಿನಕ್ಸಿನ ಹಲವು ಬಗೆಯ ಕಡತವ್ಯವಸ್ಥೆಗಳೂ ವಿಂಡೋಸಿನವೂ ಅದಕ್ಕೆ ಪರಿಚಿತ. ಕರ್ನೆಲು ಎಲ್ಲಿಗೆ ಸರಿದರೂ ಹೆಸರು ಹಿಡಿದು ಹುಡುಕಬಲ್ಲುದು. ಪಟ್ಟಿ ಕೆಟ್ಟುಹೋದರೆ ತನ್ನದೇ ಆಜ್ಞಾಪಂಕ್ತಿಯನ್ನು ತೆರೆದು, ‘ಎಲ್ಲಿದೆ ಹೇಳು, ಎಬ್ಬಿಸುತ್ತೇನೆ’ ಎಂಬಂತೆ ಕಾಯುತ್ತದೆ. ಜನರು ಕಂಡು ಬೆದರುವ ‘ಗ್ರಬ್ ರೆಸ್ಕ್ಯೂ’ ಎಂಬ ಬರಹ ಅದೇ. ವಿಂಡೋಸಿನಲ್ಲಿ ಕುಳಿತು ಲಿನಕ್ಸಿನ ವಿಭಾಗವನ್ನು ಅಳಿಸಿದವರಿಗೆ ಇದರ ದರ್ಶನ ಬೇಗ ಆಗುತ್ತದೆ. ಏಕೆಂದರೆ ಗ್ರಬ್ಬಿನ ಮೊದಲ ತುಣುಕು ಉಳಿದು, ಅದು ಹುಡುಕುವ ಕಡತಗಳು ಮಾತ್ರ ಇಲ್ಲವಾಗಿರುತ್ತವೆ.

ಇಷ್ಟೆಲ್ಲ ವಿದ್ಯೆ ಕಲಿತದ್ದಕ್ಕೆ ತೆರಬೇಕಾದ ಬೆಲೆಯೂ ಉಂಟು. ಗ್ರಬ್ ತಾನೇ ಒಂದು ಕಿರಿಯ ಆಪರೇಟಿಂಗ್ ಸಿಸ್ಟಮಿನಷ್ಟು ಬೆಳೆದಿದೆ. ಅದರ ಸಂರಚನಾ ಕಡತವನ್ನು ಕೈಯಿಂದ ತಿದ್ದುವ ಹಾಗಿಲ್ಲ. ಬೇರೊಂದು ಕಡತವನ್ನು ತಿದ್ದಿ, ಆಜ್ಞೆಯಿತ್ತು, ಅದನ್ನು ಉತ್ಪಾದಿಸಬೇಕು. ಬೆಳೆದದ್ದರಲ್ಲಿ ಬಿರುಕೂ ಹೆಚ್ಚು. ಗುಪ್ತಪದ ಕೇಳುವಲ್ಲಿ ಬ್ಯಾಕ್‌ಸ್ಪೇಸ್ ಕೀಲಿಯನ್ನು 28 ಬಾರಿ ಒತ್ತಿದರೆ ಬಾಗಿಲು ತೆರೆದುಕೊಳ್ಳುತ್ತದೆಂದು 2015ರಲ್ಲಿ ಸ್ಪೇನಿನ ವಲೆನ್ಸಿಯಾದ ಇಬ್ಬರು ಸಂಶೋಧಕರು ತೋರಿಸಿದರು. 2020ರಲ್ಲಿ ‘ಬೂಟ್‌ಹೋಲ್’ ಎಂಬ ಇನ್ನೂ ಗಂಭೀರವಾದ ದೋಷ ಬಯಲಾಯಿತು. ಇವೆರಡೂ ಬೇಗನೆ ತಿದ್ದಲ್ಪಟ್ಟುವು.

ಸಿಸ್‌ಲಿನಕ್ಸಿನ ವಿಷಯ ಒಂದೆರಡು ಮಾತು ಸಾಕು. 1994ರಲ್ಲಿ ಎಚ್. ಪೀಟರ್ ಆನ್ವಿನ್ ಆರಂಭಿಸಿದ ಇದು ಫ್ಲಾಪಿ, ಸಿ.ಡಿ., ಜಾಲ ಇವುಗಳಿಂದ ಲಿನಕ್ಸನ್ನು ಎಬ್ಬಿಸುವುದರಲ್ಲಿ ಗಟ್ಟಿಗ, ಲಿನಕ್ಸಿನ ಸಿ.ಡಿ. ಹಾಕಿದವರು ತಿಳಿಯದೆಯೇ ಇದರ ಋಣದಲ್ಲಿದ್ದಾರೆ.

ಬಯೋಸಿನ ಸ್ಥಾನಕ್ಕೆ ಯುಇಎಫ್‌ಐ ಬಂದ ಮೇಲೆ ಆಟದ ನಿಯಮವೇ ಬದಲಾಯಿತು. ಈ ಹೊಸ ವ್ಯವಸ್ಥೆಗೆ ಫ್ಯಾಟ್ ಬಗೆಯ ಸಣ್ಣ ವಿಭಾಗವೊಂದರಿಂದ ಕಡತಗಳನ್ನು ಓದಲು ತಾನಾಗಿಯೇ ಬರುತ್ತದೆ. 446 ಬೈಟುಗಳ ಸಂಕಟ ತೀರಿತು. ಹಾಗಾದರೆ ಅಷ್ಟೊಂದು ಕಲಿತ ಸೂತ್ರಧಾರನೇಕೆ ಎಂಬ ಪ್ರಶ್ನೆ ಸಹಜ. 2012ರ ಲಿನಕ್ಸ್ 3.3ರಿಂದ ಕರ್ನೆಲನ್ನೇ ಯುಇಎಫ್‌ಐ ನೇರವಾಗಿ ಎಬ್ಬಿಸುವ ಅನುಕೂಲವಿದೆ. ಅದೇ ವರ್ಷ ಕಾಣಿಸಿಕೊಂಡ ‘ಗಮಿಬೂಟ್’ ಎಂಬ ಲೋಡರು 2015ರಲ್ಲಿ ‘ಸಿಸ್ಟಮ್‌ಡಿ-ಬೂಟ್’ ಎಂದು ಹೆಸರು ಬದಲಿಸಿಕೊಂಡಿತು. ಕರ್ನೆಲು ಒಂದಕ್ಕೆ ನಾಲ್ಕೈದು ಸಾಲಿನ ಒಂದು ಕಡತ. ಅದನ್ನು ಯಾರಾದರೂ ಓದಿ ತಿದ್ದಬಹುದು. ಆದರೆ ಕರ್ನೆಲುಗಳನ್ನು ಯುಇಎಫ್‌ಐ ಓದಬಲ್ಲ ವಿಭಾಗದಲ್ಲಿಯೇ ಇಡಬೇಕು. ಹಳೆಯ ಬಯೋಸ್ ಯಂತ್ರದಲ್ಲಿ ಅದು ನಡೆಯದು. ರಾಡ್ ಸ್ಮಿತ್ ಅವರ ‘ರಿಫೈಂಡ್’ ಮತ್ತೊಂದು: ಪ್ರತಿಸಾರಿಯೂ ಡಿಸ್ಕನ್ನು ತಡಕಿ, ಎಬ್ಬಿಸಬಹುದಾದವರನ್ನೆಲ್ಲ ಚಿತ್ರಗಳಾಗಿ ಸಾಲಾಗಿ ನಿಲ್ಲಿಸುತ್ತದೆ.

ಯುಇಎಫ್‌ಐ ಜೊತೆಗೆ ಬಂದ ‘ಸೆಕ್ಯೂರ್ ಬೂಟ್’ ವಿಷಯದಲ್ಲಿ ನನಗೆ ಸ್ವಲ್ಪ ಕಹಿಯಿದೆ. ಸಹಿಯಿಲ್ಲದ ಪ್ರೋಗ್ರಾಮನ್ನು ಅದು ಎಬ್ಬಿಸುವುದಿಲ್ಲ. ದುಷ್ಟ ಪ್ರೋಗ್ರಾಮುಗಳಿಂದ ರಕ್ಷಣೆ, ಸರಿ. ಆದರೆ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಒಪ್ಪಿತವಾದ ಸಹಿ ಮೈಕ್ರೋಸಾಫ್ಟಿನದು. ಲಿನಕ್ಸಿನವರು ‘ಶಿಮ್’ ಎಂಬ ಚಿಕ್ಕ ಪ್ರೋಗ್ರಾಮಿಗೆ ಆ ಸಹಿ ಪಡೆದು, ಅದರ ಬೆನ್ನಿಗೆ ಗ್ರಬ್ಬನ್ನು ಕಳುಹಿಸುತ್ತಾರೆ. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಪರಿಷ್ಕರಣ ಬಂದಾಗ, ಎರಡನ್ನೂ ಇಟ್ಟುಕೊಂಡಿದ್ದ ಅನೇಕ ಯಂತ್ರಗಳಲ್ಲಿ ಹಳೆಯ ಶಿಮ್ ತಿರಸ್ಕೃತವಾಗಿ ಲಿನಕ್ಸ್ ಏಳಲೇ ಇಲ್ಲ. ಮನೆ ನಮ್ಮದು, ಬೀಗದ ಕೈ ಮಾತ್ರ ಇನ್ನೊಬ್ಬರ ಸೊಂಟದಲ್ಲಿ. ಯಂತ್ರದ ಒಡೆಯನು ತನ್ನ ಕೀಲಿಯನ್ನೇ ಸೇರಿಸಿಕೊಳ್ಳುವ ದಾರಿಯನ್ನೂ ಶಿಮ್ ಇಟ್ಟಿದೆ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.

ಇನ್ನು ಆಯ್ಕೆ. ಹಳೆಯ ಬಯೋಸ್ ಯಂತ್ರವಾದರೆ ಚರ್ಚೆಯೇ ಬೇಡ, ಗ್ರಬ್. ವಿಂಡೋಸ್ ಜೊತೆಗಿದ್ದರೂ, ಹೊಸಬರಿಗೆ, ಗ್ರಬ್ಬೇ ಲೇಸು. ತೊಡಕು ಬಂದಾಗ ಕೇಳಲು ಬಲ್ಲವರು ಹೆಚ್ಚು ಸಿಗುತ್ತಾರೆ. ಲಿನಕ್ಸ್ ಒಂದೇ ಇರುವ ಹೊಸ ಯಂತ್ರಕ್ಕೆ ನಾನು ಸಿಸ್ಟಮ್‌ಡಿ-ಬೂಟನ್ನು ಆರಿಸುತ್ತೇನೆ. ಕೆಟ್ಟಾಗ ಐದು ಸಾಲು ಓದಿದರೆ ಎಲ್ಲಿ ಕೆಟ್ಟಿತೆಂದು ತಿಳಿಯುತ್ತದೆ.

ಯಾವುದೇ ಇರಲಿ, ಕಪ್ಪು ಪರದೆ ಬಂದ ದಿನ ಅಂಗಡಿಗೆ ಓಡಬೇಡಿರಿ. ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಸ್ಥಾಪಿಸದೆಯೇ ನೋಡುವ ಆಯ್ಕೆಯನ್ನು ಒತ್ತಿ, ಡಿಸ್ಕನ್ನು ತೆರೆದು, ಮೊದಲು ನಿಮ್ಮ ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿರಿ. ವಿಂಡೋಸಿನ ವಿಭಾಗಕ್ಕೆ ಬಿಟ್‌ಲಾಕರಿನ ಬೀಗವಿದ್ದರೆ 48 ಅಂಕಿಗಳ ಕೀಲಿ ಬೇಕಾಗುತ್ತದೆ. ಅದನ್ನು ಇಂದೇ ಕಾಗದದಲ್ಲಿ ಬರೆದಿಡಿರಿ. ಲೋಡರಿನ ದುರಸ್ತಿ ಆಮೇಲೆ. ಅಂಥ ಪೆನ್‌ಡ್ರೈವೊಂದು ಸದಾ ನನ್ನ ಚೀಲದಲ್ಲಿರುತ್ತದೆ; ಅಂತಿಮ ಬಿ.ಎ. ತರಗತಿಯಲ್ಲಿ ವಿಚಾರಿಸಿದವರಿಗೆ ಕೊಡುತ್ತೇನೆ.