ಬಿಳಿ ಇ4 ಆಡಿದಾಗ ಕಪ್ಪು ಏನು ಆಡಬೇಕು?

ಚೆಸ್‌ನ ನಿಯಮ ಕಲಿತು ಹತ್ತಾರು ಆಟ ಆಡಿದ ಮೇಲೆ ಹೊಸಬರೆಲ್ಲ ಕೇಳುವ ಪ್ರಶ್ನೆ ಇದು: ಎದುರಿನವರು ಬಿಳಿ ಕಾಯಿ ಹಿಡಿದು, ರಾಜನ ಮುಂದಿನ ಸಿಪಾಯಿಯನ್ನು ಎರಡು ಮನೆ ತಳ್ಳಿ ಇ4 ಆಡಿದರೆ, ಕಪ್ಪು ಹಿಡಿದ ನಾನು ಏನು ಆಡಲಿ? ಪ್ರಶ್ನೆ ಸಹಜ. ಶಾಲಾ ಟೂರ್ನಿಯಿರಲಿ, ಮೊಬೈಲ್ ಆಟವಿರಲಿ, ಹೊಸಬರ ಎದುರಿಗೆ ಮತ್ತೆ ಮತ್ತೆ ಬರುವ ಮೊದಲ ನಡೆಯೇ ಇ4. ಅದಕ್ಕೆ ಕಪ್ಪು ಕೊಡಬಹುದಾದ ಉತ್ತರಗಳು ಒಟ್ಟು 20. ಆರಂಭಿಕರು ತಿಳಿದಿರಬೇಕಾದವು ಐದು. ಅವನ್ನು ಒಂದೊಂದಾಗಿ ನೋಡೋಣ.

ಈ ಲೇಖನದಲ್ಲಿ ಸಿಪಾಯಿ ಎಂದರೆ ಪಾನ್, ಒಂಟೆ ಎಂದರೆ ಬಿಷಪ್, ಕುದುರೆ ಎಂದರೆ ನೈಟ್, ಆನೆ ಎಂದರೆ ರೂಕ್. ಬೋರ್ಡನ್ನು ಪಕ್ಕದಲ್ಲಿಟ್ಟುಕೊಂಡು, ಕಾಯಿಗಳನ್ನು ನಡೆಸುತ್ತಾ ಓದಿ.

ಮೊದಲು ಇ4 ಅರ್ಥವಾಗಲಿ

ಇ4 ಒಂದೇ ನಡೆಯಲ್ಲಿ ಹಲವು ಕೆಲಸ ಮಾಡುತ್ತದೆ. ಬೋರ್ಡಿನ ನಡುವಿನ ನಾಲ್ಕು ಮನೆಗಳಾದ ಡಿ4, ಇ4, ಡಿ5, ಇ5ಗಳಲ್ಲಿ ಒಂದನ್ನು ಹಿಡಿಯುತ್ತದೆ, ಡಿ5ರ ಮೇಲೆ ಕಣ್ಣಿಡುತ್ತದೆ, ರಾಣಿಗೂ ಒಂದು ಒಂಟೆಗೂ ದಾರಿ ಬಿಡುತ್ತದೆ. ಮುಂದಿನ ನಡೆಯಲ್ಲಿ ಡಿ4 ಕೂಡ ಆಡಿ ನಡುವನ್ನೆಲ್ಲ ತನ್ನದಾಗಿಸಿಕೊಳ್ಳುವುದು ಬಿಳಿಯ ಆಸೆ. ಆದರೆ ಇ4ಕ್ಕೆ ಬಂದು ನಿಂತ ಸಿಪಾಯಿಯನ್ನು ಆ ಕ್ಷಣದಲ್ಲಿ ಯಾವ ಕಾಯಿಯೂ ಕಾಯುತ್ತಿಲ್ಲ.

ಕಪ್ಪಿನ ಮುಖ್ಯ ಉತ್ತರಗಳೆಲ್ಲ ಈ ಎರಡು ಸಂಗತಿಗಳಿಂದಲೇ ಹುಟ್ಟಿವೆ. ಇ5 ಮತ್ತು ಸಿ5 ನಡೆಗಳು ಡಿ4ರ ಮೇಲೆ ಹಿಡಿತ ಸಾಧಿಸಿ ಬಿಳಿಯ ಆಸೆಗೆ ಅಡ್ಡ ನಿಲ್ಲುತ್ತವೆ. ಇ6, ಸಿ6, ಡಿ5 ನಡೆಗಳು ಡಿ5ರಲ್ಲಿ ಸಿಪಾಯಿ ನಿಲ್ಲಿಸಿ ಇ4ರ ಸಿಪಾಯಿಯನ್ನೇ ಪ್ರಶ್ನಿಸುತ್ತವೆ. ಇಷ್ಟು ನೆನಪಿದ್ದರೆ ಉಳಿದದ್ದನ್ನು ಬಾಯಿಪಾಠ ಮಾಡುವ ಹೊರೆ ಅರ್ಧ ಇಳಿದಂತೆ.

ನೇರ ಉತ್ತರ: ಇ5

ಇ5 ಆಡಿದರೆ ನಡುವಿನಲ್ಲಿ ನಿಮಗೂ ಸಮಪಾಲು ಸಿಗುತ್ತದೆ. ಬಿಳಿ ಸಾಮಾನ್ಯವಾಗಿ ಕುದುರೆಯನ್ನು ಎಫ್3ಕ್ಕೆ ತಂದು ನಿಮ್ಮ ಸಿಪಾಯಿಯ ಮೇಲೆ ಏರುತ್ತದೆ. ನೀವು ಕುದುರೆಯನ್ನು ಸಿ6ಕ್ಕೆ ತಂದು ಅದನ್ನು ಕಾಯುತ್ತೀರಿ. ಇಲ್ಲಿಂದ ಎರಡು ಹೆದ್ದಾರಿಗಳು.

ಬಿಳಿಯ ಒಂಟೆ ಸಿ4ಕ್ಕೆ ಬಂದರೆ ಅದು ಇಟಾಲಿಯನ್. ಅದರ ಗುರಿ ಎಫ್7. ಆರಂಭದಲ್ಲಿ ಆ ಮನೆಯನ್ನು ಕಾಯುವುದು ರಾಜನೊಬ್ಬನೇ. ಹೊಸಬರಿಗೆ ನಾನು ಹೇಳಿಕೊಡುವ ಉತ್ತರ, ಒಂಟೆ ಸಿ5. ಈಗ ಬಿಳಿ ಆತುರಪಟ್ಟು ಕುದುರೆಯನ್ನು ಜಿ5ಕ್ಕೆ ಹಾರಿಸಿದರೆ, ಡಿ8ರಲ್ಲಿರುವ ನಿಮ್ಮ ರಾಣಿ ಓರೆಯಾಗಿ ಬಂದು ಅದನ್ನು ಪುಕ್ಕಟೆಯಾಗಿ ಹೊಡೆಯುತ್ತದೆ. ಇ7, ಎಫ್6 ಎರಡೂ ಖಾಲಿ ಇರುವುದೇ ಕಾರಣ. ಒಂಟೆ ಸಿ5ರ ಬದಲು ಕುದುರೆ ಎಫ್6 ಆಡಿದ್ದರೆ ಆ ಓರೆದಾರಿ ಮುಚ್ಚಿಹೋಗಿರುತ್ತಿತ್ತು, ಜಿ5ರ ಕುದುರೆ ನಿಜವಾದ ಬೆದರಿಕೆಯಾಗುತ್ತಿತ್ತು. ಆಗ ಡಿ5 ಆಡಬೇಕು. ಬಿಳಿಯ ಇ4 ಸಿಪಾಯಿ ಅದನ್ನು ಹೊಡೆದ ಮೇಲೆ, ಮರಳಿ ಹೊಡೆಯುವ ಆಸೆ ಬಿಟ್ಟು, ಸಿ6ರ ಕುದುರೆಯನ್ನು ಎ5ಕ್ಕೆ ತಂದು ಒಂಟೆಯನ್ನು ಕೆಣಕಬೇಕು. ಆಸೆಪಟ್ಟು ಕುದುರೆಯಿಂದ ಡಿ5ರಲ್ಲಿ ಹೊಡೆದರೆ, ಬಿಳಿ ತನ್ನ ಕುದುರೆಯನ್ನು ಎಫ್7ರಲ್ಲಿ ಬಲಿಕೊಟ್ಟು ನಿಮ್ಮ ರಾಜನನ್ನು ಬಯಲಿಗೆ ಎಳೆಯಬಹುದು. ಫ್ರೈಡ್ ಲಿವರ್ ಎಂದು ಹೆಸರಾದ ಈ ದಾಳಿಯನ್ನು ಬೋರ್ಡಿನ ಮೇಲೆ ಒಮ್ಮೆಯಾದರೂ ಆಡಿ ನೋಡಿ.

ಬಿಳಿಯ ಒಂಟೆ ಬಿ5ಕ್ಕೆ ಬಂದರೆ ಅದು ಸ್ಪ್ಯಾನಿಷ್. 1561ರಲ್ಲಿ ಚೆಸ್ ಗ್ರಂಥ ಪ್ರಕಟಿಸಿದ ಸ್ಪೇನಿನ ಪಾದ್ರಿ ರೂಯ್ ಲೋಪೆಜ್ ಅವರ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ. ಒಂಟೆ ಸಿ6ರ ಕುದುರೆಯನ್ನು ಹೊಡೆದು ಇ5 ಸಿಪಾಯಿಯನ್ನು ಕಸಿದುಕೊಳ್ಳುತ್ತದೆ ಎಂದು ಅಂಜಬೇಡಿ. ಧೈರ್ಯವಾಗಿ ಎ6 ಆಡಿ. ಒಂಟೆ ಹೊಡೆದರೆ ಡಿ7ರ ಸಿಪಾಯಿಯಿಂದ ಮರಳಿ ಹೊಡೆಯಿರಿ. ಬಿಳಿ ಕುದುರೆ ಇ5ನ್ನು ಹೊಡೆದರೆ ರಾಣಿಯನ್ನು ಡಿ4ಕ್ಕೆ ತನ್ನಿ. ಕುದುರೆಯ ಮೇಲೂ ಇ4 ಸಿಪಾಯಿಯ ಮೇಲೂ ಏಕಕಾಲಕ್ಕೆ ದಾಳಿ ಬೀಳುತ್ತದೆ, ಕಳೆದ ಸಿಪಾಯಿ ಮರಳಿ ಬರುತ್ತದೆ.

ಮಕ್ಕಳ ಟೂರ್ನಿಗಳಲ್ಲಿ ಇನ್ನೊಂದು ಆಟ ಕಾಣುತ್ತದೆ: ಬಿಳಿ ಎರಡನೇ ನಡೆಗೇ ರಾಣಿಯನ್ನು ಎಚ್5ಕ್ಕೆ ತರುವುದು. ಗಾಬರಿಯಿಂದ ಜಿ6 ಆಡಿದರೆ ರಾಣಿ ಇ5ರಲ್ಲಿ ಹೊಡೆದು ಚೆಕ್ ಕೊಡುತ್ತದೆ, ಮೂಲೆಯ ಆನೆಯೂ ಹೋಗುತ್ತದೆ. ಕ್ರಮ ಹೀಗಿರಲಿ: ಮೊದಲು ಕುದುರೆ ಸಿ6, ಒಂಟೆ ಸಿ4ಕ್ಕೆ ಬಂದಾಗ ಜಿ6, ರಾಣಿ ಎಫ್3ಕ್ಕೆ ಸರಿದಾಗ ಕುದುರೆ ಎಫ್6. ಎರಡೂ ಕುದುರೆಗಳು ಹೊರಬಂದವು, ಬಿಳಿಯ ದಾಳಿ ಮುಗಿಯಿತು.

ಡಿ5ರಿಂದ ಸವಾಲು: ಫ್ರೆಂಚ್, ಕಾರೊ-ಕಾನ್, ಸ್ಕ್ಯಾಂಡಿನೇವಿಯನ್

ಇ6 ಆಡಿದರೆ ಫ್ರೆಂಚ್ ಡಿಫೆನ್ಸ್. 1834ರಿಂದ 1836ರವರೆಗೆ ಲಂಡನ್ ಮತ್ತು ಪ್ಯಾರಿಸ್ ನಡುವೆ ಅಂಚೆಯ ಮೂಲಕ ನಡೆದ ಪಂದ್ಯದಲ್ಲಿ ಪ್ಯಾರಿಸ್ ತಂಡ ಇದನ್ನು ಆಡಿದ್ದರಿಂದ ಈ ಹೆಸರು ಬಂತು. ಬಿಳಿ ಡಿ4 ಆಡಿದರೆ ನೀವು ಡಿ5. ಬಿಳಿ ಇ5ಕ್ಕೆ ಮುಂದೊತ್ತಿದರೆ ನೀವು ಸಿ5 ಆಡಿ, ಆ ಸಿಪಾಯಿ ಸಾಲಿನ ಬುಡವಾದ ಡಿ4ಕ್ಕೆ ಕೈಹಾಕುತ್ತೀರಿ. ಕೋಟೆ ಗಟ್ಟಿ, ಯೋಜನೆಯೂ ಸ್ಪಷ್ಟ. ಆದರೆ ಸಿ8ರ ಒಂಟೆ ನಿಮ್ಮದೇ ಇ6 ಸಿಪಾಯಿಯ ಹಿಂದೆ ಬಹಳ ಹೊತ್ತು ಸಿಕ್ಕಿಬೀಳುತ್ತದೆ. ಫ್ರೆಂಚ್ ಆಡುವವರು ಆ ಒಂಟೆಯನ್ನು ಯಾವಾಗ, ಹೇಗೆ ಬಿಡಿಸುವುದೆಂದು ಮೊದಲಿನಿಂದಲೇ ಯೋಚಿಸಬೇಕು.

ಸಿ6 ಆಡಿದರೆ ಕಾರೊ-ಕಾನ್. ಹೊರಾಶಿಯೊ ಕಾರೊ, ಮಾರ್ಕಸ್ ಕಾನ್ ಎಂಬ ಇಬ್ಬರು 1886ರಲ್ಲಿ ಇದರ ವಿಶ್ಲೇಷಣೆ ಪ್ರಕಟಿಸಿದರು. ಇಲ್ಲೂ ಮುಂದಿನ ನಡೆ ಡಿ5. ಇ-ಸಿಪಾಯಿ ಅಲುಗಿಲ್ಲವಾದ್ದರಿಂದ ಸಿ8ರ ಒಂಟೆಗೆ ದಾರಿ ತೆರೆದೇ ಇದೆ. ಬಿಳಿ ಇ5ಕ್ಕೆ ಮುಂದೊತ್ತಿದರೆ ಒಂಟೆಯನ್ನು ಎಫ್5ಕ್ಕೆ ಹೊರತಂದು, ಆಮೇಲೆ ಇ6 ಆಡಿದರಾಯಿತು. ಇದಕ್ಕೂ ಬೆಲೆಯುಂಟು. ಕುದುರೆಗೆ ಸಹಜವಾದ ಸಿ6 ಮನೆಯಲ್ಲಿ ಈಗ ಸಿಪಾಯಿ ಕೂತಿದೆ. ಮುಂದೆ ಸಿ5 ಆಡಬೇಕಾದಾಗ ಒಂದೇ ಸಿಪಾಯಿಗೆ ಎರಡು ನಡೆ ಖರ್ಚು. ಆಟ ಶಾಂತವೆಂದು ಮೈಮರೆಯುವಂತೆಯೂ ಇಲ್ಲ. ಬಿಳಿಯ ಕುದುರೆ ಸಿ3ಕ್ಕೆ ಬಂದು, ನೀವು ಇ4ರಲ್ಲಿ ಹೊಡೆದು, ಅದು ಮರಳಿ ಹೊಡೆದಾಗ ನೀವು ಕುದುರೆ ಡಿ7 ಆಡಿದಿರಿ ಎನ್ನೋಣ. ಬಿಳಿ ರಾಣಿಯನ್ನು ಇ2ರಲ್ಲಿಡುತ್ತದೆ. ಈಗ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ ಬಿಳಿ ಕುದುರೆ ಡಿ6ಕ್ಕೆ ಹಾರಿ ಅಲ್ಲೇ ಚೆಕ್‌ಮೇಟ್! ಇ7ರ ಸಿಪಾಯಿ ಅದನ್ನು ಹೊಡೆಯಲಾರದು. ಅದು ಸರಿದರೆ ರಾಣಿಯ ಎದುರು ರಾಜ ಬಯಲಾಗುತ್ತಾನೆ.

ಮೊದಲ ನಡೆಗೇ ಡಿ5 ಆಡುವುದು ಸ್ಕ್ಯಾಂಡಿನೇವಿಯನ್. ಬಿಳಿ ಹೊಡೆಯುತ್ತದೆ, ನಿಮ್ಮ ರಾಣಿ ಮರಳಿ ಹೊಡೆಯುತ್ತದೆ, ಬಿಳಿ ಕುದುರೆ ಸಿ3ಕ್ಕೆ ಬಂದು ರಾಣಿಯನ್ನು ಓಡಿಸುತ್ತದೆ. ಕಲಿಯಬೇಕಾದ ನಡೆಗಳು ಕಡಿಮೆ, ಆದರೆ ಬಿಳಿಗೆ ಒಂದು ನಡೆ ಉಚಿತವಾಗಿ ಸಿಗುತ್ತದೆ. 1995ರಲ್ಲಿ ನ್ಯೂಯಾರ್ಕ್‌ನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ವಿಶ್ವನಾಥನ್ ಆನಂದ್ ಒಮ್ಮೆ ಇದನ್ನು ಕ್ಯಾಸ್ಪರೋವ್ ಎದುರು ಆಡಿದ್ದರು. ಸದಾ ಅವಲಂಬಿಸುವುದಕ್ಕಿಂತ, ಅಪರೂಪಕ್ಕೆ ಎದುರಾಳಿಗೆ ಅನಿರೀಕ್ಷಿತವಾಗಿ ಆಡಲು ಇದು ಒಳ್ಳೆಯದು.

ಸಿಸಿಲಿಯನ್: ಸಿ5

ಪುಸ್ತಕಗಳೂ ವಿಡಿಯೊಗಳೂ ಹೆಚ್ಚು ಹೊಗಳುವ ಉತ್ತರ ಇದು. ವಿಶ್ವ ಚಾಂಪಿಯನ್‌ಗಳಾಗಿದ್ದ ಫಿಷರ್, ಕ್ಯಾಸ್ಪರೋವ್ ಇಬ್ಬರೂ ಇದರ ನೈಡಾರ್ಫ್ ಶಾಖೆಯನ್ನು ನೆಚ್ಚಿಕೊಂಡಿದ್ದರು. ಇದರ ಹಿಂದಿರುವ ವಿಚಾರ ಸೊಗಸಾದದ್ದು. ಬಿಳಿ ಡಿ4 ಆಡಿದಾಗ ನೀವು ಬದಿಯ ಸಿಪಾಯಿಯೊಂದನ್ನು ಕೊಟ್ಟು ನಡುವಿನ ಸಿಪಾಯಿಯನ್ನು ಪಡೆಯುತ್ತೀರಿ. ನಡುವಿನಲ್ಲಿ ನಿಮ್ಮ ಎರಡು ಸಿಪಾಯಿಗಳೆದುರು ಬಿಳಿಯದು ಒಂದೇ ಉಳಿಯುತ್ತದೆ, ಸಿ ಸಾಲು ನಿಮ್ಮ ಆನೆಗೆ ತೆರೆಯುತ್ತದೆ. ಆದರೆ ಅಷ್ಟರಲ್ಲಿ ಬಿಳಿಯ ಕಾಯಿಗಳು ಬೇಗ ಹೊರಬಂದು ನಿಮ್ಮ ರಾಜನತ್ತ ತಿರುಗಿರುತ್ತವೆ. ಡ್ರ್ಯಾಗನ್, ನೈಡಾರ್ಫ್, ಸ್ವೆಶ್ನಿಕೋವ್ ಎಂದು ನಿಮ್ಮ ಶಾಖೆಗಳು ಹಲವು. ಅಲಾಪಿನ್, ರೊಸ್ಸೊಲಿಮೊ, ಸ್ಮಿತ್-ಮೊರ್ರಾ ಎಂದು ಬಿಳಿಯ ಪಕ್ಕದಾರಿಗಳೂ ಹಲವು. ಪ್ರತಿಯೊಂದಕ್ಕೂ ಬೇರೆಯದೇ ಸಿದ್ಧತೆ ಬೇಕು. ಕಾಯಿಗಳನ್ನು ಹೊರತರುವ ಶಿಸ್ತು ಇನ್ನೂ ರೂಢಿಯಾಗದವರಿಗೆ ಇದು ಭಾರವಾಗುತ್ತದೆ.

ಹಾಗಾದರೆ ಆರಿಸುವುದು ಹೇಗೆ?

ಎಲ್ಲಕ್ಕಿಂತ ಶ್ರೇಷ್ಠವಾದ ಉತ್ತರವೊಂದು ಇದೆ ಎಂಬ ಭ್ರಮೆ ಬಿಡಿ. 2013ರಲ್ಲಿ ಚೆನ್ನೈನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಆನಂದ್ ಇ4 ಆಡಿದಾಗ ಮ್ಯಾಗ್ನಸ್ ಕಾರ್ಲ್‌ಸನ್ ಮೊದಲು ಕಾರೊ-ಕಾನ್ ಆಡಿದರು, ಆಮೇಲೆ ಇ5ಕ್ಕೆ ಹೊರಳಿದರು. ಆರನೇ ಆಟವನ್ನು ಕಪ್ಪು ಕಾಯಿಯಲ್ಲೇ ಗೆದ್ದರು. 2018ರಲ್ಲಿ ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಫ್ಯಾಬಿಯಾನೊ ಕಾರುವಾನಾ ಇ4 ಆಡಿದಾಗಲೆಲ್ಲ ಅದೇ ಕಾರ್ಲ್‌ಸನ್ ಕೊಟ್ಟ ಉತ್ತರ ಸಿಸಿಲಿಯನ್. ಒಬ್ಬರೇ ಚಾಂಪಿಯನ್ ಒಂದೇ ನಡೆಗೆ ಮೂರು ಉತ್ತರ ಕೊಟ್ಟಿದ್ದಾರೆ, ಮೂರೂ ನಿಂತಿವೆ.

ಆದ್ದರಿಂದ ಹೆಸರಿನ ಮೋಹಕ್ಕೆ ಬೀಳದೆ, ಮುಂದೆ ಬರುವ ಸ್ಥಿತಿ ನಿಮಗೆ ಅರ್ಥವಾಗುತ್ತದೆಯೇ ಎಂದು ನೋಡಿ. ಹತ್ತನೇ ನಡೆಯ ಹೊತ್ತಿಗೆ ನಿಮ್ಮ ಕಾಯಿಗಳು ಎಲ್ಲಿರಬೇಕು, ಯಾವ ಸಿಪಾಯಿಯನ್ನು ತಳ್ಳಬೇಕು ಎಂದು ಯಾರ ಸಹಾಯವೂ ಇಲ್ಲದೆ ಹೇಳಬಲ್ಲಿರಾದರೆ ಆ ಓಪನಿಂಗ್ ನಿಮ್ಮದು. ಹೇಳಲಾಗದಿದ್ದರೆ, ಇಪ್ಪತ್ತು ನಡೆ ಬಾಯಿಪಾಠವಾಗಿದ್ದರೂ ಅದು ಇನ್ನೂ ಪುಸ್ತಕದ್ದೇ.

ನನ್ನ ಸಲಹೆ ಇಷ್ಟು. ಮೊದಲ ವರ್ಷ ಇ5 ಆಡಿ. ನಡುವನ್ನು ಹಿಡಿಯುವುದು, ಕುದುರೆ ಒಂಟೆಗಳನ್ನು ಬೇಗ ಹೊರತರುವುದು, ಕ್ಯಾಸ್ಲಿಂಗ್ ಮಾಡಿ ರಾಜನನ್ನು ಭದ್ರಪಡಿಸುವುದು, ಬೆದರಿಕೆಯನ್ನು ಮೊದಲೇ ಕಾಣುವುದು ಎಲ್ಲವನ್ನೂ ಅದೊಂದೇ ಕಲಿಸುತ್ತದೆ. ತೆರೆದ ಆಟದ ಬಿರುಸು ನಿಮ್ಮ ಸ್ವಭಾವಕ್ಕೆ ಒಗ್ಗದಿದ್ದರೆ ಕಾರೊ-ಕಾನ್‌ಗೆ ಬನ್ನಿ. ಇಕ್ಕಟ್ಟಿನಲ್ಲೂ ತಾಳ್ಮೆಯಿಂದ ಪ್ರತಿದಾಳಿ ಕಟ್ಟುವುದು ಇಷ್ಟವಾದರೆ ಫ್ರೆಂಚ್‌ಗೆ. ಇವುಗಳಲ್ಲಿ ಕೈ ಪಳಗಿದ ಮೇಲೆ ಸಿಸಿಲಿಯನ್ ಕಲಿಯಲು ಸಾಕಷ್ಟು ಕಾಲವಿದೆ.

ಆರಿಸಿದ್ದನ್ನು ಎರಡು ಸೋಲಿಗೆ ಕೈಬಿಡಬೇಡಿ. ಪ್ರತಿ ಆಟವನ್ನೂ ಬರೆದಿಟ್ಟುಕೊಂಡು, ಸೋತಾಗ ಹಿಂದಕ್ಕೆ ನಡೆಸಿ ನೋಡಿ. ಬಹಳಷ್ಟು ಸಲ ಸೋಲು ಹುಟ್ಟುವುದು ಹದಿನೈದು ಇಪ್ಪತ್ತನೇ ನಡೆಯಲ್ಲಿ, ಕಾಯದೆ ಬಿಟ್ಟ ಒಂದು ಕಾಯಿಯಿಂದ. ಅದಕ್ಕೆ ಓಪನಿಂಗ್ ಹೊಣೆಯಲ್ಲ. ಒಂದನ್ನು ಆರಿಸಿ, ಮನಸ್ಸಿಟ್ಟು ಆಡಿ, ಪ್ರತಿ ಆಟದಿಂದ ಒಂದೊಂದು ನಡೆ ಹೆಚ್ಚು ಕಲಿಯಿರಿ.