ಧ್ವಜದ ಮೇಲಿನ ಕರಡಿ

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮದಂಚಿನಲ್ಲಿ, ಪೆಸಿಫಿಕ್ ಮಹಾಸಾಗರದ ದಡದುದ್ದಕ್ಕೂ ಹಬ್ಬಿರುವ ರಾಜ್ಯವೇ ಕ್ಯಾಲಿಫೋರ್ನಿಯಾ. ಇದರ ವಿಸ್ತೀರ್ಣ ಸುಮಾರು 4,24,000 ಚದರ ಕಿಲೋಮೀಟರು, ರಾಜಧಾನಿ ಸ್ಯಾಕ್ರಮೆಂಟೊ. 2020ರ ಜನಗಣತಿಯಂತೆ ಇಲ್ಲಿ ಸುಮಾರು 3 ಕೋಟಿ 95 ಲಕ್ಷ ಜನರಿದ್ದರು. ಆ ದೇಶದ ಬೇರಾವ ರಾಜ್ಯದಲ್ಲಿಯೂ ಇಷ್ಟು ಜನರಿರಲಿಲ್ಲ. 4,421 ಮೀಟರು ಎತ್ತರದ ವಿಟ್ನಿ ಪರ್ವತವೂ, ಸಮುದ್ರಮಟ್ಟಕ್ಕಿಂತ 86 ಮೀಟರು ತಗ್ಗಿರುವ ‘ಮೃತ್ಯು ಕಣಿವೆ’ಯೂ ಈ ಒಂದೇ ರಾಜ್ಯದಲ್ಲಿವೆ.

ಈ ನಾಡು ಮೊದಲು ಮೆಕ್ಸಿಕೊದ ಆಳ್ವಿಕೆಯಲ್ಲಿತ್ತು. 1846ರ ಜೂನ್ 14ರಂದು ಸೊನೋಮ ಎಂಬ ಊರಿನಲ್ಲಿ ಅಮೆರಿಕದ ವಲಸೆಗಾರರು ಬಂಡೆದ್ದು, ನಕ್ಷತ್ರವನ್ನೂ ಕರಡಿಯನ್ನೂ ಬರೆದ ಬಾವುಟವೊಂದನ್ನು ಹಾರಿಸಿದರು. ಅದರಲ್ಲಿದ್ದ ಕರಡಿ ನೋಡುವವರಿಗೆ ಹಂದಿಯಂತೆ ತೋರುತ್ತಿತ್ತೆಂದು ಹೇಳುವುದುಂಟು! 1848ರ ಜನವರಿಯಲ್ಲಿ ಇಲ್ಲಿ ಚಿನ್ನ ದೊರೆಯಿತು. ಸುದ್ದಿ ಹರಡಿದೊಡನೆ ನಾನಾ ದೇಶಗಳಿಂದ ಜನರು ಧಾವಿಸಿ ಬಂದರು. 1850ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾ ಸಂಯುಕ್ತ ಸಂಸ್ಥಾನದ 31ನೆಯ ರಾಜ್ಯವಾಯಿತು. ‘ಯುರೇಕ’, ಅಂದರೆ ‘ಕಂಡುಕೊಂಡೆ’ ಎಂಬ ಗ್ರೀಕ್ ಮಾತು ಅದರ ರಾಜ್ಯಮುದ್ರೆಯ ಮೇಲಿದೆ.

ಗಸಗಸೆಯ ಕುಲಕ್ಕೆ ಸೇರಿದ ಹೊಂಬಣ್ಣದ ಪಾಪಿ ಈ ರಾಜ್ಯದ ಹೂವು. ರೆಡ್‌ವುಡ್ ಅದರ ಮರ. ಗ್ರಿಜ್ಲಿ ಕರಡಿ ಅದರ ಪ್ರಾಣಿ. ಈ ಮೂರರಲ್ಲಿ ಕರಡಿಯ ಕಥೆ ಮನಕರಗಿಸುವಂಥದು.

ಒಂದು ಕಾಲಕ್ಕೆ ಅಲ್ಲಿನ ಬೆಟ್ಟ ಬಯಲುಗಳಲ್ಲಿ ಸಾವಿರಾರು ಗ್ರಿಜ್ಲಿಗಳು ಸಂಚರಿಸುತ್ತಿದ್ದವು. ಜನವಸತಿ ಹೆಚ್ಚಿದಂತೆ, ದನಕುರಿಗಳನ್ನು ಕೊಲ್ಲುತ್ತವೆಂದು ಬಂದೂಕು, ಬೋನು, ವಿಷಗಳಿಂದ ಅವುಗಳನ್ನು ಸಂಹರಿಸಲಾಯಿತು. 1889ರಲ್ಲಿ ಪತ್ರಿಕೋದ್ಯಮಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಒಂದು ಗ್ರಿಜ್ಲಿಯನ್ನು ಜೀವಂತವಾಗಿ ಹಿಡಿತರಿಸಿದರು. ಅದಕ್ಕೆ ‘ಮೊನಾರ್ಕ್’, ಅಂದರೆ ‘ಚಕ್ರವರ್ತಿ’ ಎಂದು ಹೆಸರಾಯಿತು. ಹೆಸರಿಗೆ ಚಕ್ರವರ್ತಿ; ಬಾಳಿದ್ದು ಮಾತ್ರ ಸೆರೆಯಲ್ಲಿ! ಇಪ್ಪತ್ತೆರಡು ವರ್ಷಗಳ ಬಂಧನದ ಅನಂತರ 1911ರಲ್ಲಿ ಅದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಸುನೀಗಿತು. ಕರಡಿಯ ಬಾವುಟವನ್ನು ರಾಜ್ಯಧ್ವಜವೆಂದು ಶಾಸನಸಭೆ ಅಂಗೀಕರಿಸಿದ್ದೂ ಅದೇ ವರ್ಷ.

ಆ ರಾಜ್ಯದ ಕಾಡಿನಲ್ಲಿ ಉಳಿದಿದ್ದ ಕೊನೆಯ ಗ್ರಿಜ್ಲಿಗಳಲ್ಲಿ ಒಂದು 1922ರಲ್ಲಿ ಗುಂಡಿಗೆ ಬಲಿಯಾಯಿತು. ಬಳಿಕ ಕೆಲವೇ ವರ್ಷಗಳಲ್ಲಿ ಅದರ ಸುಳಿವೇ ಇಲ್ಲವಾಯಿತು. 1953ರಲ್ಲಿ ಗ್ರಿಜ್ಲಿಯನ್ನು ‘ರಾಜ್ಯಪ್ರಾಣಿ’ಯೆಂದು ಘೋಷಿಸಿದಾಗ ಅಲ್ಲಿಯ ಕಾಡುಗಳಲ್ಲಿ ಒಂದು ಗ್ರಿಜ್ಲಿಯೂ ಇರಲಿಲ್ಲ. ಅದೇ ವರ್ಷ ಧ್ವಜದ ಚಿತ್ರವನ್ನು ನಿಗದಿಗೊಳಿಸುವಾಗ, ಕಾಪಿಟ್ಟಿದ್ದ ಮೊನಾರ್ಕನ ದೇಹವೇ ಮಾದರಿಯಾಯಿತು.

ರೆಡ್‌ವುಡ್ಡಿಗೂ ಇದೇ ಗತಿ ಒದಗಬಹುದಾಗಿತ್ತು. ನೂರು ಮೀಟರಿಗೂ ಮಿಗಿಲಾಗಿ ಬೆಳೆಯುವ, ಎರಡು ಸಾವಿರ ವರ್ಷ ಬಾಳಬಲ್ಲ ಈ ವೃಕ್ಷಗಳನ್ನು ಮರದ ವ್ಯಾಪಾರಕ್ಕಾಗಿ ಕಡಿದುರುಳಿಸಲಾಗುತ್ತಿತ್ತು. 1918ರಲ್ಲಿ ಕೆಲವು ಹಿತಚಿಂತಕರು ಸಂಘವೊಂದನ್ನು ಕಟ್ಟಿ, ಹಣ ಕೂಡಿಸಿ, ಕಾಡುಗಳನ್ನೇ ಕೊಂಡು ಉಳಿಸತೊಡಗಿದರು. 1968ರಲ್ಲಿ ರಾಷ್ಟ್ರೀಯ ಉದ್ಯಾನವೂ ಸ್ಥಾಪನೆಯಾಯಿತು. ಕರಾವಳಿಯ ಪುರಾತನ ರೆಡ್‌ವುಡ್ ಅರಣ್ಯದಲ್ಲಿ ಇಂದು ಉಳಿದಿರುವುದು ನೂರರಲ್ಲಿ ಐದು ಪಾಲು ಮಾತ್ರ. ಆದರೂ ಅದು ಚಿತ್ರವಲ್ಲ, ಬೇರೂರಿ ನಿಂತ ಜೀವಂತ ವನ.

ಮರಕ್ಕೆ ಸಕಾಲದಲ್ಲಿ ರಕ್ಷಕರು ದೊರೆತರು; ಕರಡಿಗೆ ದೊರೆತದ್ದು ಧ್ವಜದ ಮೇಲಿನ ಸ್ಥಾನ ಮಾತ್ರ.